ತಿರುವಿನಲ್ಲಿ ಜಗ್ಗುವ ಕಾರು: ಗೇರ್‌ಬಾಕ್ಸ್ ಬಿಚ್ಚಿಸೋ ಮುಂಚೆ

ಒಂದು ಹಳೆಯ ಆಲ್-ವೀಲ್-ಡ್ರೈವ್ ಆಟೋಮ್ಯಾಟಿಕ್ ಕಾರು ಇದೆ ಅಂದುಕೊಳ್ಳಿ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಗೇರ್‌ಗಳು ಸರಿಯಾಗಿ ಬೀಳುತ್ತವೆ, ಪಿಕಪ್ ಚೆನ್ನಾಗಿದೆ. ಆದರೆ ಪಾರ್ಕಿಂಗ್ ಜಾಗಕ್ಕೆ ಬಂದು ಸ್ಟೀರಿಂಗ್ ಪೂರ್ತಿ ತಿರುಗಿಸಿದ ಕೂಡಲೇ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಕಾರು ತಡೆಯುತ್ತೆ. ಬ್ರೇಕ್ ಮೇಲೆ ಕಾಲಿಲ್ಲ, ಆದರೂ ಬ್ರೇಕ್ ಹಾಕಿದ ಹಾಗೆ. ಆಮೇಲೆ ಒಂದು ಜಗ್ಗು, ಟೈರ್ ಕಿರ್ ಅನ್ನುತ್ತೆ, ಮತ್ತೆ ತಡೆ, ಮತ್ತೆ ಜಗ್ಗು. ಸ್ಟೀರಿಂಗ್ ನೇರ ಮಾಡಿದರೆ ಎಲ್ಲ ಮಾಯ.

ಇದಕ್ಕೆ ಟಾರ್ಕ್ ಬೈಂಡ್ ಅಂತಾರೆ. ಗ್ಯಾರೇಜಿನಲ್ಲಿ ಇದನ್ನು ಹೇಳಿದರೆ "ಗೇರ್‌ಬಾಕ್ಸ್ ಹೋಗಿದೆ, ಬದಲಿಸಬೇಕು" ಅನ್ನೋ ಉತ್ತರ ಬರೋ ಸಾಧ್ಯತೆ ಇದೆ. ಹಳೇ ಕಾರಿನ ವಿಷಯದಲ್ಲಿ ಆ ಮಾತಿಗೆ ಅರ್ಥ ಒಂದೇ: ಕಾರು ಗುಜರಿಗೆ. ಯಾಕಂದ್ರೆ ಗೇರ್‌ಬಾಕ್ಸ್ ಕೆಲಸದ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಆದರೆ ನಿಜವಾದ ಕಾರಣ ನಾಲ್ಕು ಟೈರ್‌ಗಳಲ್ಲಿ ಒಂದು ಮಾತ್ರ ಹೊಸದಾಗಿರೋದು ಇರಬಹುದು, ಹಳಸಿದ ಎಣ್ಣೆ ಇರಬಹುದು, ಅಥವಾ ಬೆರಳುದ್ದದ ಒಂದು ಸೊಲೆನಾಯ್ಡ್ ಇರಬಹುದು. ಯಾವುದು ಅಂತ ಸ್ಪ್ಯಾನರ್ ಹಿಡಿಯೋ ಮುಂಚೆಯೇ ಬಹುಪಾಲು ಗೊತ್ತು ಮಾಡಿಕೊಳ್ಳಬಹುದು. ಅದು ಹೇಗೆ ಅನ್ನೋದೇ ಈ ಲೇಖನ.

ಉದಾಹರಣೆಗೆ 1990ರ ದಶಕದ ಸುಬಾರು ಕಾರುಗಳನ್ನು ತಗೊಳ್ಳೋಣ: ಲೆಗಸಿ, ಔಟ್‌ಬ್ಯಾಕ್, ಇಂಪ್ರೆಜಾ, ಫಾರೆಸ್ಟರ್. ಅಮೆರಿಕದಲ್ಲಿ ಸುಬಾರು 90ರ ದಶಕದ ಮಧ್ಯದಿಂದ ತನ್ನ ಕಾರುಗಳನ್ನೆಲ್ಲ ಆಲ್-ವೀಲ್-ಡ್ರೈವ್ ಮಾಡಿ ಮಾರಿತು. ಹಿಮ ಬೀಳುವ ರಾಜ್ಯಗಳಲ್ಲಿ ಅವು ಬಹಳ ಜನಪ್ರಿಯ. ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಮ್ಮ ಕಾಲೇಜುಗಳಿಂದ ಎಂ.ಎಸ್. ಮಾಡೋಕೆ ಹೋಗುವವರು ಅಲ್ಲಿ ಕೊಳ್ಳೋದು ಹೊಸ ಕಾರಲ್ಲ, ಕೈಗೆಟುಕುವ ಹಳೇ ಕಾರು. ಹತ್ತು ನಿಮಿಷದ ಒಂದು ಟೆಸ್ಟ್ ಗೊತ್ತಿದ್ದರೆ ಒಂದು ಸೆಮಿಸ್ಟರಿನ ಊಟದ ದುಡ್ಡು ಉಳಿಯಬಹುದು.

ತಿರುವಿನ ಲೆಕ್ಕ

ಸಿಟಿ ಬಸ್ ತಿರುಗೋದನ್ನ ನೋಡಿರ್ತೀರಿ. ಮುಂದಿನ ಚಕ್ರ ರಸ್ತೆ ಮಧ್ಯದಿಂದ ದೊಡ್ಡದಾಗಿ ಸುತ್ತಿಕೊಂಡು ಬರುತ್ತೆ, ಹಿಂದಿನ ಚಕ್ರ ಮಾತ್ರ ಫುಟ್‌ಪಾತ್ ಅಂಚಿಗೆ ಒತ್ತಿಕೊಂಡು ಒಳಗಿಂದ ಹೋಗುತ್ತೆ. ಅಂದರೆ ಒಂದೇ ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ, ಹಿಂದಿನವು ಕಡಿಮೆ ದೂರ ಓಡುತ್ತವೆ. ಇಡೀ ಸಮಸ್ಯೆಯ ಬೇರು ಇಲ್ಲೇ ಇರೋದು.

ಸಂಖ್ಯೆಯಲ್ಲಿ ನೋಡೋಣ. 90ರ ದಶಕದ ಕೊನೆಯ ಔಟ್‌ಬ್ಯಾಕ್‌ನ ವೀಲ್‌ಬೇಸ್ ಸುಮಾರು 2.63 ಮೀಟರ್. ಮುಂದಿನ ಆಕ್ಸಲ್‌ನ ಮಧ್ಯಬಿಂದು 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದೆ ಅಂದುಕೊಳ್ಳಿ. ಪೈಥಾಗೊರಸ್ ಹಾಕಿದರೆ ಹಿಂದಿನ ಆಕ್ಸಲ್‌ನ ತ್ರಿಜ್ಯ ಸುಮಾರು 4.25 ಮೀಟರ್ ಬರುತ್ತೆ. ಒಂದು ಪೂರ್ತಿ ಸುತ್ತಿಗೆ ಮುಂದಿನದು 31.4 ಮೀಟರ್, ಹಿಂದಿನದು 26.7 ಮೀಟರ್. ವ್ಯತ್ಯಾಸ 4.7 ಮೀಟರ್, ಅಂದರೆ ಎರಡು ಚಕ್ರಸುತ್ತಿಗಿಂತ ಜಾಸ್ತಿ. ಡಿಫರೆನ್ಷಿಯಲ್‌ನ ಗೇರ್ ಅನುಪಾತ ಸುಮಾರು 4 ಅಂತ ಹಿಡಿದರೆ, ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಮುಂದಿನ ಡ್ರೈವ್‌ಗಿಂತ ಸುಮಾರು 9 ಸುತ್ತು ಹಿಂದೆ ಬೀಳಬೇಕು.

ಈ 9 ಸುತ್ತಿನ ವ್ಯತ್ಯಾಸಕ್ಕೆ ಎಲ್ಲಾದರೂ ಜಾಗ ಬೇಕು. ಮುಂದೆ-ಹಿಂದೆ ಎರಡೂ ಒಂದಕ್ಕೊಂದು ಬಿಗಿಯಾಗಿ ಲಾಕ್ ಆಗಿದ್ದರೆ ಜಾಗ ಸಿಗೋದಿಲ್ಲ. ಶಾಫ್ಟ್‌ಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ. ಕೊನೆಗೆ ಒಂದು ಟೈರ್ ರಸ್ತೆಯ ಮೇಲೆ ಜಾರಿ ಆ ತಿರುಚು ಬಿಡುಗಡೆ ಆಗುತ್ತೆ. ನಮಗೆ ಗೊತ್ತಾಗುವ ಆ 'ಜಗ್ಗು' ಇದೇ. ಹಿಮ, ಕೆಸರು, ಮರಳಿನಲ್ಲಿ ಟೈರ್ ಸುಲಭವಾಗಿ ಜಾರುವುದರಿಂದ ಏನೂ ಗೊತ್ತಾಗಲ್ಲ. ಹಾಗಾಗಿ ಚಳಿಗಾಲ ಪೂರ್ತಿ ಸುಮ್ಮನಿದ್ದ ದೋಷ ರಸ್ತೆ ಒಣಗಿದ ಮೇಲೆ ತಲೆ ಎತ್ತಬಹುದು.

ಒಳಗೆ ಏನಿದೆ?

ಈ ಸುಬಾರುಗಳ ನಾಲ್ಕು ಗೇರಿನ ಆಟೋಮ್ಯಾಟಿಕ್‌ಗೆ 4ಇಎಟಿ ಅಂತ ಹೆಸರು. ಇದರಲ್ಲಿ ಮುಂದಿನ ಚಕ್ರಗಳಿಗೆ ಡ್ರೈವ್ ಯಾವಾಗಲೂ ಇರುತ್ತೆ. ಹಿಂದಿನ ಚಕ್ರಗಳಿಗೆ ಎಷ್ಟು ಹೋಗಬೇಕು ಅಂತ ತೀರ್ಮಾನಿಸೋದು ಗೇರ್‌ಬಾಕ್ಸ್‌ನ ಬಾಲದ ಭಾಗದಲ್ಲಿರುವ ಒಂದು ಕ್ಲಚ್. ಬೈಕ್‌ನ ಮಲ್ಟಿಪ್ಲೇಟ್ ಕ್ಲಚ್ ಬಿಚ್ಚಿ ನೋಡಿದವರಿಗೆ ಇದು ಹೊಸದೇನಲ್ಲ. ಎಣ್ಣೆಯಲ್ಲಿ ಮುಳುಗಿದ ಪ್ಲೇಟ್‌ಗಳ ಒಂದು ಕಟ್ಟು ಅಷ್ಟೇ. ಎಣ್ಣೆಯ ಒತ್ತಡ ಹೆಚ್ಚಾದರೆ ಪ್ಲೇಟ್‌ಗಳು ಬಿಗಿಯಾಗಿ ಹಿಡಿಯುತ್ತವೆ, ಕಡಿಮೆಯಾದರೆ ಜಾರುತ್ತವೆ. ನಮ್ಮ 9 ಸುತ್ತಿಗೆ ಜಾಗ ಕೊಡಬೇಕಾದ್ದು ಈ ಜಾರುವಿಕೆಯೇ.

ಆ ಒತ್ತಡವನ್ನು ನಿಯಂತ್ರಿಸುವುದು ಡ್ಯೂಟಿ ಸೊಲೆನಾಯ್ಡ್ ಸಿ. ಗೇರ್‌ಬಾಕ್ಸ್‌ನ ಕಂಪ್ಯೂಟರ್, ಅಂದರೆ ಟಿಸಿಯು, ಮುಂದಿನ ಮತ್ತು ಹಿಂದಿನ ವೇಗದ ಸೆನ್ಸರ್‌ಗಳನ್ನು ಹೋಲಿಸಿ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ನೋಡಿ, ಸೊಲೆನಾಯ್ಡ್‌ಗೆ ಪಲ್ಸ್ ಕಳಿಸುತ್ತೆ. ಲ್ಯಾಬಿನಲ್ಲಿ ಎಲ್‌ಇಡಿ ಬೆಳಕು ಕಮ್ಮಿ-ಜಾಸ್ತಿ ಮಾಡೋಕೆ ಪಿಡಬ್ಲ್ಯುಎಂ ಬಳಸ್ತೀವಲ್ಲ, ತತ್ವ ಅದೇ.

ಕೆಟ್ಟಾಗ ಯಾವ ಕಡೆ ಬೀಳುತ್ತೆ?

ನನ್ನ ಪ್ರಕಾರ ಡಯಾಗ್ನೋಸಿಸ್‌ನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಪಾರ್ಟ್ ಕೆಟ್ಟಿದೆ" ಅನ್ನೋದಲ್ಲ. "ಈ ಪಾರ್ಟ್ ಕೆಟ್ಟರೆ ಯಾವ ಕಡೆ ಬೀಳುತ್ತೆ" ಅನ್ನೋದು.

90ರ ದಶಕದ ಈ ಗೇರ್‌ಬಾಕ್ಸ್‌ನಲ್ಲಿ ಸೊಲೆನಾಯ್ಡ್‌ಗೆ ಕರೆಂಟ್ ಹೆಚ್ಚಾದಷ್ಟೂ ಕ್ಲಚ್ ಒತ್ತಡ ಇಳಿಯುತ್ತೆ. ಕರೆಂಟ್ ಪೂರ್ತಿ ನಿಂತರೆ ಒತ್ತಡ ಗರಿಷ್ಠ, ಕ್ಲಚ್ ಲಾಕ್. ಅಂದರೆ ವೈರ್ ತುಂಡಾದರೂ, ಕಾಯಿಲ್ ಸುಟ್ಟರೂ, ಕನೆಕ್ಟರ್ ತುಕ್ಕು ಹಿಡಿದರೂ ಕಾರು ಬೀಳುವುದು ಒಂದೇ ಕಡೆಗೆ: ಲಾಕ್ ಆದ ಫೋರ್-ವೀಲ್-ಡ್ರೈವ್. ಇದು ಆಕಸ್ಮಿಕ ಅಂತ ನನಗನ್ನಿಸೋದಿಲ್ಲ. ಹಿಮ ತುಂಬಿದ ಏರಿನಲ್ಲಿ ಹಿಂದಿನ ಚಕ್ರಗಳ ಡ್ರೈವ್ ದಿಢೀರ್ ಅಂತ ನಿಂತು ಹೋಗೋದಕ್ಕಿಂತ, ಪಾರ್ಕಿಂಗ್‌ನಲ್ಲಿ ಜಗ್ಗೋದು ವಾಸಿ ಅಲ್ವಾ?

ಇದೇ ರೀತಿ ಉಳಿದವನ್ನೂ ನೋಡಿ. ಕ್ಲಚ್ ಪ್ಲೇಟ್‌ಗಳು ಪೂರ್ತಿ ಸವೆದರೆ ಹಿಡಿತ ಹೋಗಿ ಕಾರು ಬರೀ ಫ್ರಂಟ್-ವೀಲ್-ಡ್ರೈವ್ ಆಗುತ್ತೆ, ಬೈಂಡ್ ಆಗಲ್ಲ. ಆದರೆ ಪ್ಲೇಟ್‌ಗಳು ಕೂರುವ ಡ್ರಮ್‌ನ ಗಾಡಿಗಳಲ್ಲಿ ಪ್ಲೇಟಿನ ಹಲ್ಲುಗಳು ಕಚ್ಚಿ ಕಚ್ಚಿ ಗುಳಿ ಬಿದ್ದಿದ್ದರೆ, ಒತ್ತಡ ಇಳಿದರೂ ಪ್ಲೇಟ್‌ಗಳು ಹಿಂದೆ ಸರಿಯೋದಿಲ್ಲ. ಆಗ ಬೈಂಡ್. ಎಣ್ಣೆ ಹಳಸಿದ್ದರೆ ಪ್ಲೇಟ್‌ಗಳು ಒಂದೇ ಸಮನೆ ಜಾರದೆ, ಅಂಟಿ-ಬಿಟ್ಟು ಅಂಟಿ-ಬಿಟ್ಟು ಜಾರುತ್ತವೆ. ಅದು ನಡುಕದ ರೂಪದಲ್ಲಿ ಕಾಣುತ್ತೆ.

ಈಗ ಟೆಸ್ಟ್‌ಗಳು. ಮೊದಲು ಖರ್ಚಿಲ್ಲದವು.

ಒಂದು: ಟೈರ್ ಅಳೆಯಿರಿ

ಗಂಟಲು ಹರಿಯೋ ಹಾಗೆ ಹೇಳಬೇಕಾದ ಮಾತು ಇದು: ಮೊದಲು ಟೈರ್. ನಾಲ್ಕೂ ಟೈರ್‌ಗಳ ಸುತ್ತಳತೆಯ ವ್ಯತ್ಯಾಸ ಕಾಲು ಇಂಚಿನೊಳಗೆ, ಅಂದರೆ ಸುಮಾರು 6 ಮಿಲಿಮೀಟರ್ ಒಳಗೆ ಇರಬೇಕು ಅನ್ನೋದು ಸುಬಾರು ಕಾರುಗಳಿಗೆ ಹೇಳುವ ಮಿತಿ. ತ್ರಿಜ್ಯಕ್ಕೆ ಇಳಿಸಿದರೆ ಬರೀ 1 ಮಿಲಿಮೀಟರ್!

205/70 ಆರ್ 15 ಅಳತೆಯ ಟೈರ್ ತಗೊಳ್ಳಿ. ಹೊಸದರ ಸುತ್ತಳತೆ ಸುಮಾರು 2,100 ಮಿಲಿಮೀಟರ್. ಒಂದು ಜೋಡಿಯ ಟ್ರೆಡ್ 8 ಮಿಲಿಮೀಟರ್, ಇನ್ನೊಂದು ಜೋಡಿಯದು ಸವೆದು 3 ಮಿಲಿಮೀಟರ್ ಆಗಿದ್ದರೆ ಸುತ್ತಳತೆಯಲ್ಲಿ 31 ಮಿಲಿಮೀಟರ್ ವ್ಯತ್ಯಾಸ. ನೇರ ರಸ್ತೆಯಲ್ಲೇ ಪ್ರತಿ ಕಿಲೋಮೀಟರಿಗೆ ಚಕ್ರಗಳ ನಡುವೆ ಸುಮಾರು 7 ಸುತ್ತಿನ ಫರಕು ಬರುತ್ತೆ. ಟಿಸಿಯುಗೆ ಟೈರ್ ಸವೆದಿದೆ ಅಂತ ಗೊತ್ತಿಲ್ಲ. ಅದು ಇದನ್ನು "ಚಕ್ರ ಜಾರುತ್ತಿದೆ" ಅಂತ ಓದಿ ಕ್ಲಚ್ ಬಿಗಿ ಮಾಡಬಹುದು. ಆಗ ಪ್ಲೇಟ್‌ಗಳು ಇಡೀ ದಾರಿ ಉಜ್ಜಿಕೊಂಡು ಬಿಸಿಯಾಗುತ್ತವೆ.

ಒಂದು ದರ್ಜಿ ಟೇಪ್ ಸಾಕು. ನಾಲ್ಕೂ ಟೈರ್‌ಗಳಿಗೆ ಸರಿಯಾದ ಗಾಳಿ ಹಾಕಿಸಿ, ಟ್ರೆಡ್‌ನ ಮಧ್ಯಭಾಗಕ್ಕೆ ಟೇಪ್ ಸುತ್ತಿ ಅಳೆದು, ಬರೆದಿಟ್ಟುಕೊಳ್ಳಿ. ಸೈಜ್, ಬ್ರ್ಯಾಂಡ್ ಬೇರೆ ಇದ್ದರೆ ಅದನ್ನೂ ಗಮನಿಸಿ.

ಎರಡು: ಎಂಟಿನ ಆಕಾರ

ಒಣಗಿದ, ಸಮತಟ್ಟಾದ, ಖಾಲಿ ಜಾಗ ಬೇಕು. ಕಾರನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ. 'ಡಿ'ಯಲ್ಲಿಟ್ಟು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಬ್ರೇಕ್ ಬಿಟ್ಟು ಸುಮ್ಮನಿರಿ. ಆಕ್ಸಿಲರೇಟರ್ ಮುಟ್ಟಬೇಡಿ. ಒತ್ತಿದರೆ ಟಿಸಿಯು ತಾನಾಗೇ ಕ್ಲಚ್ ಬಿಗಿ ಮಾಡುತ್ತೆ, ಟೆಸ್ಟ್ ಕೆಡುತ್ತೆ. ಒಳ್ಳೆ ಕಾರು ಐಡಲ್‌ನಲ್ಲೇ ತೆವಳಿಕೊಂಡು ಪೂರ್ತಿ ಸುತ್ತು ಹಾಕುತ್ತೆ. ಬೈಂಡ್ ಇದ್ದರೆ ನಿಧಾನವಾಗಿ ನಿಂತೇ ಹೋಗಬಹುದು, ಅಥವಾ ಜಗ್ಗುತ್ತೆ. ಎಡಕ್ಕೆ, ಬಲಕ್ಕೆ, ರಿವರ್ಸ್‌ನಲ್ಲಿ, ಮೂರೂ ಮಾಡಿ.

ಇಲ್ಲೇ ಮೋಸ ಹೋಗೋದು ಸುಲಭ. ಟಿಕ್ ಟಿಕ್ ಟಿಕ್ ಅಂತ ವೇಗಕ್ಕೆ ತಕ್ಕ ಹಾಗೆ ಶಬ್ದ ಬಂದು ತಡೆ ಇಲ್ಲದಿದ್ದರೆ, ಅದು ಸಿವಿ ಜಾಯಿಂಟ್ ಇರಬಹುದು. ಸ್ಟೀರಿಂಗ್ ಕೊನೆಗೆ ಮುಟ್ಟಿದಾಗ ಮಾತ್ರ ಗುಂಯ್ ಅಂದರೆ ಪವರ್ ಸ್ಟೀರಿಂಗ್ ಪಂಪ್ ಕಡೆ ನೋಡಿ. ನೇರವಾಗಿ ಹೋಗುವಾಗಲೂ ಕಾರು ಹಿಡಿದ ಹಾಗಿದ್ದು ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಕಚ್ಚಿಕೊಂಡಿದೆ. ಟಾರ್ಕ್ ಬೈಂಡ್‌ನ ಗುರುತು ಇದು: ತಿರುವು ಬಿಗಿಯಾದಷ್ಟೂ ತಡೆ ಜಾಸ್ತಿ, ನೇರ ಮಾಡಿದರೆ ಇಲ್ಲ, ಒದ್ದೆ ನೆಲ ಅಥವಾ ಜಲ್ಲಿಯ ಮೇಲೆ ಕಡಿಮೆ.

ಮೂರು: ಒಂದು ಫ್ಯೂಸ್ ಹೇಳುವ ಸತ್ಯ

ಇದು ನನಗೆ ತುಂಬ ಇಷ್ಟವಾದ ಟೆಸ್ಟ್. ಈ ಕಾರುಗಳ ಬಾನೆಟ್ ಕೆಳಗೆ 'ಎಫ್‌ಡಬ್ಲ್ಯುಡಿ' ಅಂತ ಗುರುತು ಹಾಕಿದ ಒಂದು ಖಾಲಿ ಫ್ಯೂಸ್ ಹೋಲ್ಡರ್ ಇರುತ್ತೆ. ಎಂಜಿನ್ ಆಫ್ ಮಾಡಿ ಅದಕ್ಕೆ ಮಾಮೂಲಿ ಬ್ಲೇಡ್ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಫ್‌ಡಬ್ಲ್ಯುಡಿ ದೀಪ ಹತ್ತುತ್ತೆ. ಅಂದರೆ ಟಿಸಿಯು ಹಿಂದಿನ ಕ್ಲಚ್ ಅನ್ನು ಪೂರ್ತಿ ಬಿಡು ಅಂತ ಆರ್ಡರ್ ಕೊಟ್ಟಿದೆ. ಈಗ ಮತ್ತೆ ಎಂಟಿನ ಆಕಾರ ಸುತ್ತಿ. ಮೂರು ಉತ್ತರ ಸಾಧ್ಯ.

ದೀಪ ಹತ್ತಿತು, ಬೈಂಡ್ ಹೋಯಿತು. ಹಾಗಾದರೆ ಕ್ಲಚ್‌ಗೆ ಬಿಡೋಕೆ ಬರುತ್ತೆ, ಸೊಲೆನಾಯ್ಡ್ ಆರ್ಡರ್ ಪಾಲಿಸುತ್ತೆ. ಬಿಗಿ ಮಾಡು ಅನ್ನೋ ಆರ್ಡರ್ ಎಲ್ಲಿಂದ ಬರ್ತಿದೆ ಅಂತ ಹುಡುಕಿ: ಟೈರ್, ಸ್ಪೀಡ್ ಸೆನ್ಸರ್, ಥ್ರಾಟಲ್ ಸಿಗ್ನಲ್. ಎಣ್ಣೆಯನ್ನೂ ಅನುಮಾನಿಸಿ.

ದೀಪ ಹತ್ತಿತು, ಬೈಂಡ್ ಹಾಗೇ ಇದೆ. ಆರ್ಡರ್ ಹೊರಟಿದೆ, ಪಾಲನೆ ಆಗಿಲ್ಲ. ಸೊಲೆನಾಯ್ಡ್, ಅದರ ವೈರ್, ಸಿಕ್ಕಿಹಾಕಿಕೊಂಡ ವಾಲ್ವ್, ಅಥವಾ ಗುಳಿ ಬಿದ್ದ ಡ್ರಮ್. ಮಲ್ಟಿಮೀಟರಿನಲ್ಲಿ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆದು ಆ ವರ್ಷದ ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ. ಮೀಟರ್ ಓಪನ್ ತೋರಿಸಿದರೆ ಕಾಯಿಲ್ ಅಥವಾ ವೈರ್ ಕಡಿದಿದೆ. ರೀಡಿಂಗ್ ಸರಿ ಇದ್ದರೆ ದೋಷ ಎಣ್ಣೆಯ ದಾರಿಯಲ್ಲಿ ಅಥವಾ ಲೋಹದಲ್ಲಿ.

ದೀಪವೇ ಹತ್ತಲಿಲ್ಲ. ಟೆಸ್ಟ್ ನಡೆದೇ ಇಲ್ಲ ಅಂತ ತಿಳಿಯಿರಿ. ಮೊದಲು ಫ್ಯೂಸ್, ಬಲ್ಬ್, ವೈರಿಂಗ್ ನೋಡಿ. ಕೆಲವು ಸುಬಾರು ಮಾಡೆಲ್‌ಗಳಲ್ಲಿ ವಿಟಿಡಿ ಅನ್ನೋ ಬೇರೆ ವ್ಯವಸ್ಥೆ ಇದೆ. ಅದರಲ್ಲಿ ನಿಜವಾದ ಸೆಂಟರ್ ಡಿಫರೆನ್ಷಿಯಲ್ ಇರೋದರಿಂದ ಈ ಫ್ಯೂಸ್ ಟೆಸ್ಟ್ ಅನ್ವಯಿಸಲ್ಲ.

ಕಾರು ಕೊಳ್ಳುವವರು ಇದನ್ನು ನೆನಪಿಡಿ: ಟೆಸ್ಟ್ ಡ್ರೈವ್‌ಗೆ ಮುಂಚೆ ಬಾನೆಟ್ ತೆಗೆದು ಆ ಹೋಲ್ಡರ್ ನೋಡಿ. ಅದರಲ್ಲಿ ಈಗಾಗಲೇ ಫ್ಯೂಸ್ ಕೂತಿದ್ದರೆ "ಯಾಕೆ ಹಾಕಿದ್ದೀರಿ?" ಅಂತ ಕೇಳಿ. ಫ್ಯೂಸ್ ತೆಗೆದು ಮತ್ತೆ ಸುತ್ತಿ ನೋಡುವ ತನಕ ನೀವು ಆ ಕಾರನ್ನು ಪರೀಕ್ಷಿಸಿಲ್ಲ.

ನಾಲ್ಕು: ಮಿನುಗುವ ದೀಪ

ಸ್ಟಾರ್ಟ್ ಮಾಡಿದ ತಕ್ಷಣ 'ಎಟಿ ಆಯಿಲ್ ಟೆಂಪ್' ದೀಪ ಪಟಪಟ ಅಂತ ಮಿನುಗಿದರೆ ಎಣ್ಣೆ ಬಿಸಿಯಾಗಿದೆ ಅಂತಲ್ಲ, ಇನ್ನೂ ಎಂಜಿನ್ನೇ ತಣ್ಣಗಿದೆಯಲ್ಲ! ಟಿಸಿಯು ತನ್ನ ನೆನಪಿನಲ್ಲಿ ಒಂದು ಫಾಲ್ಟ್ ಕೋಡ್ ಇಟ್ಟುಕೊಂಡಿದೆ ಅಂತ ಅರ್ಥ. ಆ ಕೋಡ್ ಓದಿಸಿ. ಆದರೆ ದೀಪ ಮಿನುಗದಿದ್ದರೆ ಎಲ್ಲ ಸರಿ ಇದೆ ಅಂತ ಅಲ್ಲ. ಟಿಸಿಯುಗೆ ಕಾಣೋದು ವಿದ್ಯುತ್ತಿನ ದೋಷ. ಡ್ರಮ್‌ನಲ್ಲಿ ಬಿದ್ದ ಗುಳಿ ಅದಕ್ಕೆ ಕಾಣಲ್ಲ.

ಐದು: ಎಣ್ಣೆ

ಟೈರ್ ಸರಿ ಇದ್ದು, ಕ್ಲಚ್ ಬಿಡುತ್ತಿದ್ದು, ಆದರೂ ನಡುಕ ಇದ್ದರೆ ಎಣ್ಣೆ ಬದಲಿಸಿ ನೋಡೋದು ಅಗ್ಗದ ದಾರಿ. ಒಮ್ಮೆ ಡ್ರೇನ್ ಮಾಡಿದರೆ ಅರ್ಧಕ್ಕಿಂತ ಕಡಿಮೆ ಎಣ್ಣೆ ಹೊರಗೆ ಬರುತ್ತೆ, ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತಿತರ ಕಡೆ ಉಳಿಯುತ್ತೆ. ಪ್ರತಿ ಸಲ 40% ಬದಲಾಗುತ್ತೆ ಅಂತ ಹಿಡಿದರೆ ಹಳೇ ಎಣ್ಣೆ ಮೊದಲ ಸಲಕ್ಕೆ 60%, ಎರಡನೇ ಸಲಕ್ಕೆ 36%, ಮೂರನೇ ಸಲಕ್ಕೆ ಸುಮಾರು 22% ಉಳಿಯುತ್ತೆ. ಅದಕ್ಕೇ ಮಧ್ಯೆ ಮಧ್ಯೆ ಓಡಿಸಿ ಎರಡು ಮೂರು ಸಲ ಬದಲಿಸೋದು.

ಒಂದು ಎಚ್ಚರಿಕೆ. ಈ ಗೇರ್‌ಬಾಕ್ಸ್‌ನಲ್ಲಿ ಮುಂದಿನ ಡಿಫರೆನ್ಷಿಯಲ್‌ಗೆ ಬೇರೆಯೇ ಎಣ್ಣೆ, ಬೇರೆಯೇ ಡಿಪ್‌ಸ್ಟಿಕ್, ಬೇರೆಯೇ ಡ್ರೇನ್ ಪ್ಲಗ್. ತಪ್ಪು ಪ್ಲಗ್ ಬಿಚ್ಚಿ ಡಿಫರೆನ್ಷಿಯಲ್ ಖಾಲಿ ಮಾಡಿ, ಎಣ್ಣೆಯನ್ನು ಗೇರ್‌ಬಾಕ್ಸ್‌ಗೆ ತುಂಬಿದರೆ, ಇಲ್ಲದ ರೋಗ ತಂದುಕೊಂಡ ಹಾಗೆ.

ಬಿಚ್ಚಲೇಬೇಕಾದರೆ

ಎಲ್ಲ ಟೆಸ್ಟ್‌ಗಳೂ ಒಳಗಿನ ದೋಷವನ್ನೇ ತೋರಿಸಿದರೂ ಇಡೀ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಕ್ಲಚ್ ಇರೋದು ಬಾಲದ ಹೌಸಿಂಗ್‌ನಲ್ಲಿ. 90ರ ದಶಕದವುಗಳಲ್ಲಿ ಆ ಸೊಲೆನಾಯ್ಡ್ ಕೂಡ ಅಲ್ಲೇ. ಎಕ್ಸಾಸ್ಟ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ತೆಗೆದು, ಗೇರ್‌ಬಾಕ್ಸ್‌ಗೆ ಕೆಳಗಿಂದ ಆಧಾರ ಕೊಟ್ಟು, ಬಾಲ ಮಾತ್ರ ಬಿಚ್ಚಬಹುದು. ಆದ್ದರಿಂದ ಯಾರಾದರೂ "ಇಡೀ ಗೇರ್‌ಬಾಕ್ಸ್" ಅಂದರೆ "ಬಾಲದ ಭಾಗ ಮಾತ್ರ ರಿಪೇರಿ ಆಗಲ್ವಾ?" ಅಂತ ಕೇಳೋ ಹಕ್ಕು ನಿಮಗಿದೆ.

ಮಾಡಬಾರದ್ದು ಎರಡು. ಒಂದೋ ಎರಡೋ ಚಕ್ರ ಮಾತ್ರ ಜಾಕ್ ಮೇಲೆತ್ತಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಬೇಡಿ. ಕ್ಲಚ್ ಲಾಕ್ ಆಗಿದ್ದರೆ ನೆಲದ ಮೇಲಿರುವ ಚಕ್ರಗಳಿಗೂ ಡ್ರೈವ್ ಹೋಗಿ ಕಾರು ಜಾಕ್‌ನಿಂದ ಹಾರುತ್ತೆ. ಇನ್ನೊಂದು, ಇಂಥ ಕಾರನ್ನು ಎರಡು ಚಕ್ರ ಎತ್ತಿ ಟೋ ಮಾಡಿಸಬೇಡಿ. ನಾಲ್ಕೂ ಚಕ್ರ ಮೇಲೆ ಕೂರುವ ಫ್ಲಾಟ್‌ಬೆಡ್ ಕೇಳಿ. ಹಾಗೇ ಬೈಂಡ್ ಇರುವ ಕಾರನ್ನು "ನಡೀತಿದೆಯಲ್ಲ" ಅಂತ ಓಡಿಸುತ್ತಾ ಇದ್ದರೆ ಟೈರ್, ಯೂನಿವರ್ಸಲ್ ಜಾಯಿಂಟ್, ಡಿಫರೆನ್ಷಿಯಲ್ ಎಲ್ಲ ಸರದಿ ಪ್ರಕಾರ ಪೆಟ್ಟು ತಿನ್ನುತ್ತವೆ.

ನಮ್ಮ ರಸ್ತೆಗಳಲ್ಲಿ

ಮಲೆನಾಡು, ಕೊಡಗಿನ ಕಡೆ ಜೀಪ್ ಓಡಿಸುವವರಿಗೆ ಈ ಅನುಭವ ಚೆನ್ನಾಗೇ ಗೊತ್ತು. ಪಾರ್ಟ್-ಟೈಮ್ ಫೋರ್-ವೀಲ್-ಡ್ರೈವ್ ಜೀಪ್‌ಗಳಲ್ಲಿ ಸೆಂಟರ್ ಡಿಫರೆನ್ಷಿಯಲ್ ಇರೋದಿಲ್ಲ. ಕೆಸರು ದಾಟಿ ಡಾಂಬರಿಗೆ ಬಂದ ಮೇಲೂ ಲಿವರ್ ಫೋರ್‌ನಲ್ಲೇ ಇದ್ದರೆ ತಿರುವಿನಲ್ಲಿ ಇದೇ ಜಗ್ಗಾಟ, ಲಿವರ್ ಕೂಡ ಸುಲಭಕ್ಕೆ ಹಿಂದೆ ಬರಲ್ಲ. ಅಲ್ಲಿ ಅದು ದೋಷ ಅಲ್ಲ, ಆ ವಿನ್ಯಾಸ ಇರೋದೇ ಹಾಗೆ. ಇನ್ನು ನಮ್ಮಲ್ಲೂ ಮಾರಾಟವಾದ ಹೋಂಡಾ ಸಿಆರ್-ವಿಯ ಹಳೇ ಫೋರ್-ವೀಲ್-ಡ್ರೈವ್ ಮಾಡೆಲ್‌ಗಳಲ್ಲಿ ಎರಡು ಪಂಪ್‌ಗಳ ವೇಗದ ವ್ಯತ್ಯಾಸದಿಂದ ಹಿಂದಿನ ಕ್ಲಚ್ ಹಿಡಿಯುತ್ತೆ. ಅದರ ಎಣ್ಣೆ ಹಳತಾದರೆ ಬಿಗಿ ತಿರುವಿನಲ್ಲಿ ನರಳುವ ಶಬ್ದ ಬರುತ್ತೆ, ಮತ್ತು ಅದಕ್ಕೆ ಹೋಂಡಾದ್ದೇ ಡ್ಯುಯಲ್ ಪಂಪ್ ಫ್ಲೂಯಿಡ್ ಬೇಕು.

ಮೂರೂ ಬೇರೆ ಬೇರೆ ಯಂತ್ರ, ಆದರೆ ಮೂರರಲ್ಲೂ ಕೇಳಬೇಕಾದ್ದು ಒಂದೇ: ಮುಂದೆ-ಹಿಂದಿನ ಆ 9 ಸುತ್ತಿನ ವ್ಯತ್ಯಾಸಕ್ಕೆ ಜಾಗ ಕೊಡಬೇಕಾದ್ದು ಯಾವುದು, ಮತ್ತು ಅದು ಯಾಕೆ ಕೊಡುತ್ತಿಲ್ಲ? ದರ್ಜಿ ಟೇಪ್, ಖಾಲಿ ಜಾಗ, ಒಂದು ಫ್ಯೂಸ್, ಒಂದು ಮಲ್ಟಿಮೀಟರ್, ಈ ಕ್ರಮದಲ್ಲಿ ಕೇಳುತ್ತಾ ಹೋಗಿ. ಗೇರ್‌ಬಾಕ್ಸ್ ಬದಲಿಸುವ ಮಾತು ಬರಬೇಕಾದ್ದು ಇವೆಲ್ಲದರ ಆಮೇಲೆ.